ಬೈಸಿಕೊಳ್ಳದ ಬೀಗರು

ಚಪ್ಪರದ ನೇರಳೆ ಸೊಪ್ಪು ಬಾಡುವಾಗ ಒಂದು ವಾಸನೆ ಬರುತ್ತದೆ. ಅದಕ್ಕೆ ಗ್ಯಾಸ್‌ಲೈಟಿನ ಸೀಮೆಎಣ್ಣೆಯ ಘಾಟು, ಅರೆದಿಟ್ಟ ಅರಿಶಿನ, ಹೆಂಗಸರ ಬಾಯಿಂದ ಬರುವ ಲವಂಗದ ಎಲೆಅಡಿಕೆಯ ಕಂಪು ಸೇರಿದರೆ ನನ್ನ ಪಾಲಿಗೆ ಅದೇ ಮದುವೆ. ನಾನು ಏಳು ವರ್ಷದವಳಿದ್ದಾಗ ಸಂತೆಬಾಚಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮದುವೆಯಾಯಿತು. ಚಪ್ಪರದ ಕಂಬಕ್ಕೆ ಒರಗಿ ಆ ವಾಸನೆಯನ್ನು ಮೂಗಿನ ತುಂಬ ಎಳೆದುಕೊಳ್ಳುತ್ತ ನಿಂತಿದ್ದಾಗ, ಹದಿನೇಳರ ಒಬ್ಬ ಹೊಸ ಸೊಸೆ ಊಟಕ್ಕೆ ಕೂತ ಗಂಡಿನ ಕಡೆಯವರನ್ನು ಹಾಡಿನಲ್ಲಿ ಬೈಯುವುದನ್ನು ಮೊದಲ ಸಲ ಕೇಳಿದೆ.

ಅವಳೇ ದ್ಯಾವಮ್ಮ. ಸಿಂಧಘಟ್ಟಕ್ಕೆ ಮದುವೆಯಾಗಿ ಬಂದು ಆಗಿನ್ನೂ ಆರು ತಿಂಗಳು. ಮುಂದೆ ನಾನೂ ಅದೇ ಊರಿಗೆ, ಅವಳ ಗಂಡನ ದಾಯಾದಿಗಳ ಮನೆಗೆ ಸೊಸೆಯಾಗಿ ಹೋದೆ. ಹಾಗಾಗಿ ಅವಳು ನನಗೆ ಅಕ್ಕ.

ಬೀಗರ ಪದ ತಿಳಿಯದವರಿಗೆ ಒಂದು ಮಾತು. ಬೀಗರು ಎಲೆ ಮುಂದೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಎದುರಿಗೆ ನಿಂತು ಅವರ ಮೀಸೆ, ಹೊಟ್ಟೆ, ತಂದ ಸೀರೆ, ಬಂದ ಗಾಡಿ ಎಲ್ಲವನ್ನೂ ಪದ ಕಟ್ಟಿ ಆಡಿಕೊಳ್ಳುತ್ತಾರೆ. ಆ ಕಡೆಯಲ್ಲಿ ಬಾಯಿದ್ದವಳು ಅಲ್ಲೇ, ಕೂತಲ್ಲೇ ಉತ್ತರ ಕಟ್ಟಬೇಕು. ಅಂದು ದ್ಯಾವಮ್ಮ ಹೀಗೆ ಎತ್ತಿದಳು:

ಸೀರೆ ತತ್ತೀವೆಂದು ಸೀಮೆಯೆಲ್ಲ ಸಾರಿದರು
ಬಿಚ್ಚಿ ನೋಡಿದರೆ ಸೊಳ್ಳೆಪರದೆ, ಬೀಗರೆ

ನಾಗಮಂಗಲದಿಂದ ಬಂದ ದಿಬ್ಬಣದಲ್ಲಿ ಒಬ್ಬ ತೆಳ್ಳನೆಯ ಹುಡುಗಿ ಬಾಯಲ್ಲಿದ್ದ ತುತ್ತು ನುಂಗಿ, ಎಡಗೈಯನ್ನು ಸೊಂಟಕ್ಕಿಟ್ಟುಕೊಂಡು ತಲೆಯೆತ್ತಿದಳು:

ಸೊಳ್ಳೆಪರದೆ ತಂದಿದ್ದು ಸುಮ್ಮನಲ್ಲ ಕಣವ್ವ
ನಿಮ್ಮೂರ ಹೆಣ್ಣಿನ ಬಾಯಿಗೆ ಕಟ್ಟೋಕೆ, ಬೀಗಿತ್ತಿ

ಅವಳು ಮಂಚಮ್ಮ. ಅಂದಿನಿಂದ ಇಬ್ಬರೂ ಇಪ್ಪತ್ತಾರು ಮದುವೆಗಳಲ್ಲಿ ಎದುರಾದರು. ನಾಗಮಂಗಲದ ಕಡೆಯವರು ನಮ್ಮ ಕಡೆ ಹೆಣ್ಣು ತಂದರೆ ಅವಳನ್ನು ಕರೆತರುತ್ತಿದ್ದರು. ನಮ್ಮವರು ಓಡಿಹೋಗಿ ದ್ಯಾವಮ್ಮನಿಗೆ ಎಲೆಅಡಿಕೆ ಕೊಟ್ಟು ಬರುತ್ತಿದ್ದರು. ಪದ ಬಿಟ್ಟರೆ ಇಬ್ಬರೂ ಒಂದು ಮಾತು ಆಡಿದ್ದನ್ನು ನಾನು ಕಾಣೆ. ಹಾಡಿ ಮುಗಿಸಿದ ಮೇಲೆ ಬೇರೆ ಬೇರೆ ಮೂಲೆಯಲ್ಲಿ ಕೂತು, ಒಬ್ಬರು ಏನು ಉಣ್ಣುತ್ತಿದ್ದಾರೆ ಎಂದು ಇನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತಿದ್ದರು.

ದ್ಯಾವಮ್ಮ ಸುಮ್ಮನೆ ಹೋಗಿ ಬಾಯಿಗೆ ಬಂದದ್ದು ಹಾಡುವವಳಲ್ಲ. ಮದುವೆಗೆ ಒಂದು ವಾರ ಮುಂಚೆಯೇ ಬಳೆಗಾರನನ್ನು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಗಂಡಿನ ಊರಿನ ಸುದ್ದಿಯನ್ನೆಲ್ಲ ಹೊರಡಿಸುತ್ತಿದ್ದಳು. ಅದರಲ್ಲಿ ಯಾವುದನ್ನು ಹಾಡಬಾರದು ಎಂದು ಮೊದಲು ತೀರ್ಮಾನವಾಗಬೇಕು. ಗಂಡಿನ ಅಣ್ಣ ಕುಡಿದು ಕೆರೆಗೆ ಬಿದ್ದು ಸತ್ತಿದ್ದರೆ ಆ ಮನೆಯ ಮದುವೆಯಲ್ಲಿ ಕೆರೆ ಎಂಬ ಮಾತೇ ಬರುತ್ತಿರಲಿಲ್ಲ. ಮಂಚಮ್ಮನ ಗಂಡ ಎರಡು ವರ್ಷ ಇನ್ನೊಬ್ಬಳ ಜೊತೆ ಓಡಿಹೋಗಿದ್ದ ಸಂಗತಿ ಮೂರು ತಾಲ್ಲೂಕಿಗೆ ಗೊತ್ತಿತ್ತು. ಆ ಎರಡು ವರ್ಷದಲ್ಲಿ ಆರು ಮದುವೆ ಎದುರಾದವು. ದ್ಯಾವಮ್ಮ ಅವಳ ಮೂಗನ್ನು ಬೈದಳು, ನಡಿಗೆಯನ್ನು ಬೈದಳು, ಅವಳು ಸಾರಿಗೆ ಹಾಕುವ ಹುಣಸೆಹಣ್ಣನ್ನು ಬೈದಳು. ಗಂಡನ ಸುದ್ದಿ ತೆಗೆಯಲಿಲ್ಲ. ಯಾಕೆಂದು ನಾನು ಒಮ್ಮೆ ಕೇಳಿದ್ದೆ.

"ಬೈಯೋದು ಸಲೀಸು ಕಣವ್ವ. ನೋವಿರೋ ಜಾಗ ಬುಟ್ಟು ಬೈಯೋದೇ ಕಷ್ಟ" ಎಂದಿದ್ದಳು.

ಆಮೇಲೆ ಛತ್ರಗಳು ಬಂದವು, ಆರ್ಕೆಸ್ಟ್ರಾ ಬಂತು. ಗಂಡಿನವರು ಎಲೆಯ ಮುಂದೆ ಹತ್ತು ನಿಮಿಷ ಕೂತು ಕಾರು ಹತ್ತುವ ಕಾಲ ಬಂತು. ದ್ಯಾವಮ್ಮನನ್ನು ಕರೆಯುವುದು ಕಡಿಮೆಯಾಗಿ, ನಿಂತೇಹೋಯಿತು. ಹಾಗೆ ನಿಂತಿದ್ದನ್ನು ಸುಮ್ಮನೆ ನಿಲ್ಲಲು ಬಿಡದೆ, ಅದಕ್ಕೊಂದು ಗೌರವ ತರುತ್ತೇನೆಂದು ಹೊರಟವಳು ನಾನು. ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾಗಿದ್ದೆ. ಓದಿದವರಿಗೆ ಕೈ ಖಾಲಿಯಾದರೆ ಪಕ್ಕದವರಿಗೆ ಕಷ್ಟ. ಒಂದು ನೋಟ್‌ಬುಕ್ ಹಿಡಿದು ಅವಳ ಪದಗಳನ್ನೆಲ್ಲ ಬರೆದುಕೊಂಡೆ. ಬರೆಯುವಾಗ ನನಗೆ ಒರಟು ಎನ್ನಿಸಿದ್ದನ್ನು ಅಲ್ಲಲ್ಲಿ ತಿದ್ದಿದೆ. ಸೊಳ್ಳೆಪರದೆ ಇದ್ದ ಕಡೆ ‘ಬೆಳದಿಂಗಳು’ ಎಂದು ಬರೆದೆ. ಯಾಕೆ ಬರೆದೆನೋ. ಆಗ ಅದು ಸುಂದರವಾಗಿ ಕಂಡಿತ್ತು.

ಆ ನೋಟ್‌ಬುಕ್ ತಿಮ್ಮರಾಜು ಎಂಬ ಜಾನಪದ ವಿದ್ವಾಂಸರ ಕೈಗೆ ಸೇರಿ ಪುಸ್ತಕವಾಯಿತು. ತಿಮ್ಮರಾಜು ಸಜ್ಜನರು; ಸದಾ ಖಾದಿ ಜುಬ್ಬ, ಅದರ ಮೇಲೆ ಹಳ್ಳಿಯವರಾರೂ ಹಾಕದ ಒಂದು ಹಸಿರು ಟವೆಲ್ಲು. ಅವರು ದ್ಯಾವಮ್ಮನಿಗೆ ‘ಜಾನಪದ ಕೋಗಿಲೆ’ ಎಂದು ಬಿರುದು ಕೊಟ್ಟು ಶ್ರೀರಂಗಪಟ್ಟಣದ ಗಂಜಾಂನಲ್ಲಿ, ಹೊಳೆಯ ಹತ್ತಿರ, ವೇದಿಕೆ ಹತ್ತಿಸಿದರು. ಹಿಂದೆ ಒಂದೇ ಬಣ್ಣದ ಸೀರೆ ಉಟ್ಟ ಎಂಟು ಹುಡುಗಿಯರು. ಮುಂದೆ ಇನ್ನೂರು ಕುರ್ಚಿ, ಮೂವತ್ತು ಜನ. ದ್ಯಾವಮ್ಮ ಮೈಕಿನ ಮುಂದೆ ಬಂದು ಖಾಲಿ ಕುರ್ಚಿಗಳನ್ನು ನೋಡಿದಳು. ಎದುರಿಗೆ ಬೀಗರೇ ಇಲ್ಲವಲ್ಲ, ಯಾರಿಗೆ ಬೈಯಲಿ ಎಂದು ಕೇಳಿದಳಂತೆ. ಇದ್ದಾರೆ ಎಂದು ಭಾವಿಸಿಕೊಳ್ಳಿ ಅಮ್ಮ ಎಂದರಂತೆ ತಿಮ್ಮರಾಜು.

ಅವಳಿಗೆ ಭಾವಿಸಿಕೊಳ್ಳಲು ಬರಲಿಲ್ಲ. ಮುಂದಿನ ಸಾಲಿನಲ್ಲಿ ದಪ್ಪ ಮೀಸೆಯ ಅಧಿಕಾರಿಯೊಬ್ಬರು ಫೋನು ಉಜ್ಜುತ್ತ ಕೂತಿದ್ದರು. ಆ ಮೀಸೆ ಅದರ ಯಜಮಾನನಿಗಿಂತ ಅರ್ಧ ಗಂಟೆ ಮುಂಚೆ ಸಭೆಗೆ ಬಂತು ಎಂದು ಅವಳು ಅಲ್ಲೇ ಒಂದು ಪದ ಕಟ್ಟಿದಳು. ಮೂವತ್ತು ಜನವೂ ನಕ್ಕರು, ಅಧಿಕಾರಿಯೂ ನಕ್ಕರು. ಮೈಕು ಮಾತ್ರ ನಿಂತುಹೋಯಿತು. ಕೆಳಗಿಳಿದ ಮೇಲೆ ತಿಮ್ಮರಾಜು ಬಹಳ ಮೆತ್ತಗೆ, ಪುಸ್ತಕದಲ್ಲಿ ಹಾಗಿಲ್ಲವಲ್ಲಮ್ಮ ಎಂದರು. ಪುಸ್ತಕ ತೆರೆದು ತೋರಿಸಿದರು ಕೂಡ. ದ್ಯಾವಮ್ಮನಿಗೆ ಓದು ಬಾರದು. ತನ್ನ ಪದ ತನಗೇ ತಪ್ಪಿತೇನೋ ಎಂದು ಪುಸ್ತಕಕ್ಕೆ ಕೈಮುಗಿದಳು.

ಅಲ್ಲಿಂದ ಹತ್ತು ವರ್ಷ ಅವಳು, ಆ ಹುಡುಗಿಯರು ಓದಿ ಬಾಯಿಪಾಠ ಮಾಡಿಸಿದ ಹಾಗೆ, ಪುಸ್ತಕದಲ್ಲಿರುವಂತೆ ಹಾಡಿದಳು. ಹೆಸರು ಹಿಡಿದು ಹಾಡಬಾರದು, ಊರು ಹೇಳಬಾರದು, ಹೊಟ್ಟೆ ಮೂಗು ಎತ್ತಬಾರದು, ಮೂರು ನಿಮಿಷ ಮೀರಬಾರದು. ಒಂದು ವರ್ಷ ಶೌಚಾಲಯ ಕಟ್ಟಿಸಿಕೊಳ್ಳಿ ಎಂದು ಬೀಗರಿಗೆ ಹೇಳುವ ಪದ ಹಾಡಿಸಿದರು. ಇನ್ನೊಂದು ವರ್ಷ ಪ್ಲಾಸ್ಟಿಕ್ ಬೇಡ ಎಂಬ ಪದ. ಗಾಳಿಗೆ ಬೈದು ಬರುತ್ತಿದ್ದಳು, ಶಾಲು ಹೊದಿಸಿ ಕಳಿಸುತ್ತಿದ್ದರು. ಶಾಲುಗಳನ್ನು ಅವಳು ಕರುಗಳಿಗೆ ಚಳಿಗೆ ಹೊದಿಸುತ್ತಿದ್ದಳು. ಸಿಂಧಘಟ್ಟದಲ್ಲಿ ಜರಿ ಅಂಚಿನ ಶಾಲು ಹೊದ್ದು ನಿಂತ ಕರುಗಳನ್ನು ನೀವು ಕಂಡಿದ್ದರೆ ಅವು ರಾಜ್ಯಮಟ್ಟದವು.

ಹೋದ ಮಾಘದಲ್ಲಿ ಅವಳ ಮೊಮ್ಮಗಳು ಅರ್ಪಿತಳಿಗೆ ಗಂಡು ಗೊತ್ತಾಯಿತು. ನಾಗಮಂಗಲ ತಾಲ್ಲೂಕಿನವರು, ಹುಡುಗ ಕುಮಾರ್, ಹಾಲಿನ ಡೇರಿಯಲ್ಲಿ ಕೆಲಸ. ಹುಡುಗನ ಅಜ್ಜಿ ಮಂಚಮ್ಮ ಎಂದು ತಿಳಿದದ್ದೇ ದ್ಯಾವಮ್ಮ ಎದ್ದು ಕೂತಳು. ಹಾಗಾದರೆ ಹುಡುಗನನ್ನು ನೋಡುವುದೇನೂ ಬೇಡ, ಒಪ್ಪಿಕೊಳ್ಳಿ ಎಂದಳು. ಆ ವಾರವೇ ಯಾವುದೋ ಫ್ಯಾನ್ಸಿ ಸ್ಟೋರಿನವನನ್ನು ಹಿಡಿದು, ಬಳೆಗಾರ ಸಿಗದ ಕಾಲದಲ್ಲಿ ಅವನೇ ಗತಿಯಾಗಿ, ನಾಗಮಂಗಲದ ಸುದ್ದಿ ಕೇಳಿದಳು. ನನ್ನನ್ನು ಕರೆದು, ಕೈಹಿಡಿದುಕೊಂಡು ಹೇಳಿದಳು: "ನಂಗೆ ಎಪ್ಪತ್ತೊಂಬತ್ತು. ಅವ್ಳಿಗೂ ಅಷ್ಟೇ. ಇದೊಂದು ಸತಿ ಎದ್ರೆದ್ರು ನಿಂತ್ಕಂಡು ಬೈದಾಡ್ಬುಟ್ರೆ ಸಾಕು ಕಣವ್ವ. ಇನ್ನೇನೂ ಬ್ಯಾಡ."

ಅದೊಂದೇ ಅವಳು ಕೇಳಿದ್ದು. ಅದೂ ಆಗುವ ಹಾಗಿರಲಿಲ್ಲ.

ಅವಳ ಮಗ, ಅರ್ಪಿತಳ ಅಪ್ಪ ಚಿಕ್ಕಸ್ವಾಮಿ ಲಗ್ನಪತ್ರಿಕೆ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಪತ್ರಿಕೆಯಲ್ಲಿ ಚಿನ್ನದ ಅಕ್ಷರದಲ್ಲಿ ‘ಜಾನಪದ ಕೋಗಿಲೆ, ಪ್ರಶಸ್ತಿ ಪುರಸ್ಕೃತೆ ಶ್ರೀಮತಿ ದ್ಯಾವಮ್ಮನವರ ಮೊಮ್ಮಗಳು’ ಎಂದಿತ್ತು. ಅದನ್ನು ನನ್ನ ಕೈಗಿಟ್ಟು ಅವನು ವಿಷಯಕ್ಕೆ ಬಂದ. ಗಂಡಿನ ದೊಡ್ಡಪ್ಪ ಪುಟ್ಟರಾಜು, ಮಂಚಮ್ಮನ ಹಿರಿಮಗ, ತಾಲ್ಲೂಕಿನಲ್ಲಿ ಮುಖಂಡರು. ಬಿಳಿ ಬಟ್ಟೆ ಬಿಟ್ಟು ಬೇರೆ ಹಾಕುವವರಲ್ಲ. ಅವರಿಗೆ ಯಾರಾದರೂ ಒಂದು ಮಾತು ಅಂದರೆ ಎದ್ದು ಹೋಗಿಬಿಡುತ್ತಾರೆ ಎಂದು ಕೇಳಿದ್ದಾನೆ. ಅವ್ವ ಹಾಡಿದರೆ ಸಂಬಂಧ ಕೆಡುತ್ತದೆ.

"ನಮ್ಮವ್ವ ಸ್ಟೇಜ್ ಮ್ಯಾಲೆ ಎಷ್ಟಾರ ಬೈಯ್ಲಿ ಚಿಕ್ಕವ್ವ, ಬ್ಯಾಡ ಅಂದೋರ್ಯಾರು? ಅದು ಸಂಸ್ಕೃತಿ. ಇದು ಮದ್ವೆ" ಎಂದ.

ನಾನೇ ಹೋಗಿ ಅವಳಿಗೆ ಹೇಳಬೇಕಂತೆ. ಓದಿದವರು ಹೇಳಿದರೆ ಕೇಳುತ್ತಾಳಂತೆ. ನಾನು ಒಲ್ಲೆ ಎನ್ನಬಹುದಿತ್ತು. ಒಳ್ಳೆಯವಳು ಎಂದು ಹೆಸರು ತೆಗೆದುಕೊಂಡವರಿಗೆ ಒಲ್ಲೆ ಎನ್ನುವ ಅಭ್ಯಾಸ ತಪ್ಪಿರುತ್ತದೆ. ಹೋದೆ, ಹೇಳಿದೆ. ದ್ಯಾವಮ್ಮ ಕರುವಿನ ಮೈಮೇಲಿನ ಶಾಲು ಸರಿಮಾಡುತ್ತಿದ್ದಳು. ಹಾಡುವುದಿಲ್ಲ ಎಂದು ಕೈಮೇಲೆ ಕೈ ಹಾಕಿ ಭಾಷೆ ಕೊಟ್ಟಳು. "ಸರಿ ಬುಡವ್ವ" ಎಂದಷ್ಟೇ. ನಾನು ಹೊರಡುವಾಗ ನನ್ನ ಮಂಡಿನೋವು ನೆನಪಿಟ್ಟುಕೊಂಡು ಒಂದು ಸಣ್ಣ ಬಾಟಲಿಯಲ್ಲಿ ಹರಳೆಣ್ಣೆ ತುಂಬಿಕೊಟ್ಟಳು. ಆ ಬಾಟಲಿಯನ್ನು ಕೈಯಲ್ಲಿ ಹಿಡಿದು ಮನೆಗೆ ಬರುವುದು ನನಗೆ ಸುಲಭವಾಗಲಿಲ್ಲ.

ಮದುವೆ ಪಾಂಡವಪುರದ ಒಂದು ದೊಡ್ಡ ಛತ್ರದಲ್ಲಿ. ತಲೆಯ ಮೇಲೆ ಡ್ರೋನು ಹಾರುತ್ತಿತ್ತು. ಹಿರಿಯರೆಲ್ಲ ಅದು ಎಲ್ಲಿ ಎಲೆಯ ಮೇಲೆ ಬೀಳುತ್ತದೋ ಎಂದು ಮೇಲೆ ನೋಡುತ್ತಲೇ ಅಕ್ಷತೆ ಹಾಕಿದರು. ಚಿಕ್ಕಸ್ವಾಮಿ ಮದುವೆಯನ್ನು ಗುತ್ತಿಗೆಗೆ ಕೊಟ್ಟಿದ್ದ. ಗುತ್ತಿಗೆಯಲ್ಲಿ ಹೂವಿನ ಮಂಟಪ, ಹೊಗೆ ಬಿಡುವ ಯಂತ್ರ ಮತ್ತು ‘ಜಾನಪದ ಸೊಗಡು’ ಎಂಬ ಒಂದು ಬಾಬತ್ತು ಇತ್ತು. ಆ ಸೊಗಡು ಬೇರೆ ಯಾರೂ ಅಲ್ಲ, ತಿಮ್ಮರಾಜು ಮತ್ತು ಅವರ ಒಂದೇ ಬಣ್ಣದ ಎಂಟು ಸೀರೆಗಳು. ಅವರು ದ್ಯಾವಮ್ಮನ ಸೋಬಾನೆಯನ್ನು ಟ್ರ್ಯಾಕು ಹಾಕಿಕೊಂಡು ಹಾಡಿದರು. ದ್ಯಾವಮ್ಮ ನಾಲ್ಕನೆಯ ಸಾಲಿನಲ್ಲಿ ಕೂತು ಕೇಳಿದಳು. ನಡುವೆ ಅವಳನ್ನೂ ವೇದಿಕೆಗೆ ಕರೆದು, ಪುಟ್ಟರಾಜುವಿನ ಕೈಯಿಂದಲೇ ಒಂದು ಶಾಲು ಹೊದಿಸಿ, ಫೋಟೋ ತೆಗೆದು, ಕೆಳಗಿಳಿಸಿದರು. ಒಂದು ಕರುವಿಗಾಯಿತು ಎಂದುಕೊಂಡೆ.

ಊಟದ ಮನೆಯಲ್ಲಿ ಗಂಡಿನ ಕಡೆಯವರಿಗೆ ಮೊದಲ ಪಂಕ್ತಿ. ಎಲೆ ತುಂಬ ಬಡಿಸಿ ಆಗಿತ್ತು. ಕೋಸಂಬರಿ, ಪಲ್ಯ, ಒಬ್ಬಟ್ಟು, ಅದರ ಮೇಲೆ ತುಪ್ಪ. ನಡುವೆ ಮಂಚಮ್ಮ ಕೂತಿದ್ದಳು. ಬೆನ್ನು ಬಾಗಿತ್ತು, ಕಣ್ಣು ಬಾಗಿರಲಿಲ್ಲ. ಎಲ್ಲರೂ ಕೈ ಹಾಕಿದರು. ಅವಳು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬಡಿಸುವವರು ಏನು ಬೇಕು ಎಂದು ಕೇಳಿದರು, ಸೊಸೆ ಕೇಳಿದಳು. ಅನ್ನ ಆರಿತು. ಪುಟ್ಟರಾಜು ತಾಯಿಯ ಕಡೆ ಬಾಗಿ, ಮೈಯಲ್ಲಿ ಹುಷಾರಿಲ್ಲವಾ ಎಂದು ಕೇಳಿದ. ಆಗ ಅವಳು ಇಡೀ ಪಂಕ್ತಿಗೆ ಕೇಳುವಂತೆ ಹೇಳಿದಳು:

"ಯಾಕ್ಲಾ ಪುಟ್ಟರಾಜು, ನಿನ್ನ ಮದ್ವೇಲೂ ಬೈಸ್ಕಂಡು ಉಂಡಿವ್ನಿ, ನಿನ್ ತಮ್ಮನ್ ಮದ್ವೇಲೂ ಬೈಸ್ಕಂಡು ಉಂಡಿವ್ನಿ. ಇವತ್ತು ಒಂದ್ ಮಾತು ಅನ್ನೋರಿಲ್ಲ. ಬೈಯೋಕೂ ಲಾಯಕ್ಕಿಲ್ದೋರಾಗೋದ್ವಾ ನಾವು? ಇಂಗೆ ಭಿಕ್ಷುಕ್ರಿಗೆ ಇಕ್ದಂಗೆ ಇಕ್ಕುದ್ರೆ ನಾನು ಉಣ್ಣಕಿಲ್ಲ."

ಅವಳ ಎರಡೂ ಪಕ್ಕದ ಮುದುಕಿಯರು ಎಲೆಯಿಂದ ಕೈ ತೆಗೆದರು. ಅವರನ್ನು ನೋಡಿ ಅವರ ಸೊಸೆಯರು ತೆಗೆದರು. ಹೀಗೆ ಇಡೀ ಸಾಲು ಊಟ ನಿಲ್ಲಿಸಿತು. ಬೀಗರಿಗೆ ನೋವಾಗದಂತೆ ಮೂರು ತಿಂಗಳು ಹೆದರಿ ಹೆದರಿ ಮದುವೆ ಮಾಡಿದ ಚಿಕ್ಕಸ್ವಾಮಿಯ ಮುಖ ಆ ಹೊತ್ತಿಗೆ ನೋಡುವಂತಿರಲಿಲ್ಲ. ಯಾರು ಎದ್ದು ಹೋಗುತ್ತಾರೆಂದು ಅವನು ಹೆದರಿದ್ದನೋ ಆ ಮುಖಂಡ ಪುಟ್ಟರಾಜು ಎಂಜಲು ಕೈಯಲ್ಲೇ ಎದ್ದು ಬಂದು ಅವನ ಮುಂದೆ ನಿಂತ.

"ಯಾರ್ನಾರ ಕರ್ಸಿ ಬೈಸಿ ಬೀಗ್ರೆ. ನಮ್ಮವ್ವ ಸುಗರ್ ಮಾತ್ರೆ ನುಂಗವ್ಳೆ. ಉಣ್ಣದಿದ್ರೆ ಬಿದ್ದೋಯ್ತಳೆ."

ಚಿಕ್ಕಸ್ವಾಮಿ ಮೊದಲು ಓಡಿದ್ದು ತಿಮ್ಮರಾಜು ಇದ್ದಲ್ಲಿಗೆ. ಒಂದೆರಡು ಬೈಗುಳದ ಪದ ಹಾಡಿಸಿ ಎಂದು ಬೇಡಿಕೊಂಡ. ಹುಡುಗಿಯರು ಯಾವ ಟ್ರ್ಯಾಕು ಎಂದು ಕೇಳಿದರು. ತಿಮ್ಮರಾಜು ಬೈಗುಳವು ಮೌಖಿಕ ಪರಂಪರೆಯ ಒಂದು ಅಪೂರ್ವ ಪ್ರಕಾರವೆಂದೂ ಆದರೆ ಅದು ಈ ಗುತ್ತಿಗೆಯಲ್ಲಿ ಸೇರಿಲ್ಲವೆಂದೂ ವಿವರಿಸಿದರು. ಆಮೇಲೆ ಅವನು ತಾಯಿಯ ಹತ್ತಿರ ಬಂದ.

"ಅವ್ವ, ಒಂದೆರಡು ಬೈದ್ಬುಡವ್ವ."

"ನೀನೇ ಅಲ್ವಾ ಬ್ಯಾಡ ಅಂದೋನು? ಭಾಷೆ ಕೊಟ್ಟಿವ್ನಿ."

"ತಪ್ಪಾಯ್ತು ಕಣವ್ವ. ಬಾವ್ವ."

ದ್ಯಾವಮ್ಮ ನನ್ನ ಮುಖ ನೋಡಿದಳು. ಭಾಷೆ ತೆಗೆದುಕೊಂಡವಳು ನಾನಲ್ಲವೆ. ಏಳು ಅಕ್ಕ ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಊಟದ ಮನೆಗೆ ಬಂದು ಮಂಚಮ್ಮನ ಎಲೆಯ ಎದುರಿಗೆ ನಿಂತಳು. ನಾನು ಕಂಬದ ಪಕ್ಕದಲ್ಲಿ ನಿಂತೆ. ಅವಳು ಬಯಸಿದ್ದು ಇದನ್ನೇ, ಎದುರಿಗೆ ಇದ್ದವಳು ಮಂಚಮ್ಮನೇ. ದ್ಯಾವಮ್ಮ ಬಾಯಿ ತೆರೆಯುವ ಮೊದಲು ಎರಡೂ ಕೈ ಜೋಡಿಸಿ, ಎಡದಿಂದ ಬಲಕ್ಕೆ ಪಂಕ್ತಿಯವರಿಗೆಲ್ಲ ನಮಸ್ಕಾರ ಮಾಡಿದಳು. ವೇದಿಕೆಯ ಅಭ್ಯಾಸ. ಆಮೇಲೆ ಹಾಡಿದಳು:

ಸೀರೆ ತಂದರೆಂದು ಸೀಮೆಯೆಲ್ಲ ಸಾರಿದರು
ಬಿಚ್ಚಿ ನೋಡಿದರೆ ಬೆಳದಿಂಗಳು, ಬೀಗರೆ

ಪುಸ್ತಕದಲ್ಲಿದ್ದಂತೆಯೇ. ಒಂದಕ್ಷರ ತಪ್ಪಲಿಲ್ಲ. ಬಾಗಿಲಲ್ಲಿ ನಿಂತಿದ್ದ ತಿಮ್ಮರಾಜು ಚಪ್ಪಾಳೆ ತಟ್ಟಿದರು. ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದ್ಯಾವಮ್ಮನಿಗೂ ಏನೋ ತಪ್ಪಿತೆಂದು ತಿಳಿಯಿತು. ಮುಂದಿನದಕ್ಕೆ ಬಾಯಿ ತೆರೆದಳು, ಏನೂ ಬರಲಿಲ್ಲ. ಫ್ಯಾನ್ಸಿ ಸ್ಟೋರಿನವನಿಂದ ಕೇಳಿ ತಿಳಿದಿದ್ದೆಲ್ಲ ಎಲ್ಲಿ ಹೋಯಿತೋ. ಹತ್ತು ವರ್ಷ ಗಾಳಿಗೆ ಬೈದವಳಿಗೆ ಮನುಷ್ಯರು ಎದುರಿಗೆ ಕೂತರೆ ಮಾತು ಹೊರಡುತ್ತಿಲ್ಲ. ಅವಳ ಕೈ ಸೆರಗನ್ನು ಹುಡುಕುತ್ತಿತ್ತು.

ಮಂಚಮ್ಮ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಎಡಗೈಯನ್ನು ನಿಧಾನವಾಗಿ ಸೊಂಟಕ್ಕಿಟ್ಟುಕೊಂಡಳು. ಕಂಠ ಒಡೆದಿತ್ತು, ತಾಳ ಒಡೆದಿರಲಿಲ್ಲ:

ಬೆಳದಿಂಗಳ ಉಡೋಕೆ ನಾನೇನು ಬೆತ್ತಲೇನೆ
ಯಾವ ಕತ್ತೆ ಕಲಿಸ್ತು ಈ ಪದವ, ಬೀಗಿತ್ತಿ

ಆ ಕತ್ತೆ ಕಂಬದ ಪಕ್ಕದಲ್ಲಿ, ಮೈಸೂರು ಸಿಲ್ಕ್ ಉಟ್ಟುಕೊಂಡು, ಸ್ನಾತಕೋತ್ತರ ಪದವಿ ಇಟ್ಟುಕೊಂಡು ನಿಂತಿತ್ತು. ಪಂಕ್ತಿಯಲ್ಲಿ ನಗು ಎದ್ದಿತು. ದ್ಯಾವಮ್ಮ ನಗಲಿಲ್ಲ. ಅವಳ ಕುತ್ತಿಗೆಯ ನರ ಬಿಗಿಯಿತು. ಆ ನರವನ್ನು ನಾನು ಸಂತೆಬಾಚಹಳ್ಳಿಯಿಂದ ಬಲ್ಲೆ.

ಕತ್ತೆ ಕಲಿಸಿದ ಪದಕೆ ನೆಟ್ಟಗೆ ನೀ ಕಿವಿ ಕೊಟ್ಟೆ
ನಿನ್ನ ಕಿವಿ ಎಷ್ಟುದ್ದ ನೋಡ್ಕೊಳ್ಳೆ, ಬೀಗಿತ್ತಿ

ಆಮೇಲೆ ಅದನ್ನು ಯಾರೂ ತಡೆಯುವಂತಿರಲಿಲ್ಲ. ಡ್ರೋನು ಬಂತು, ದ್ಯಾವಮ್ಮ ಅದನ್ನು ಬೈದಳು. ಪುಟ್ಟರಾಜುವಿನ ಬಿಳಿ ಅಂಗಿಯನ್ನು ಎಷ್ಟು ಸೋಪಿಗೆ ಎಷ್ಟು ಮತ ಎಂದು ಬೈದಳು. ಅವನು ಮೊದಲು ಅಕ್ಕಪಕ್ಕ ನೋಡಿ, ಎಲ್ಲರೂ ನಗುತ್ತಿದ್ದಾರೆಂದು ಖಚಿತವಾದ ಮೇಲೆ ತಾನೂ ನಕ್ಕ. ಮಂಚಮ್ಮ ನಮ್ಮ ಒಬ್ಬಟ್ಟಿನ ಹೂರಣವನ್ನು ಬೈದಳು, ಚಿಕ್ಕಸ್ವಾಮಿಯ ತಲೆಗೂದಲ ಬಣ್ಣವನ್ನು ಬೈದಳು. ಅವನು ಮತ್ತೆ ಮತ್ತೆ ತಲೆ ಮುಟ್ಟಿಕೊಂಡ. ಮದುಮಗಳು ಅರ್ಪಿತ ಎದ್ದು ಬಂದು ಅಜ್ಜಿಯ ಹಿಂದೆ ನಿಂತು ಸೊಲ್ಲು ಹಿಡಿದಳು; ಅವಳಿಗೆ ಯಾವಾಗ ಬಂತೋ. ಕೊನೆಗೆ ಮಂಚಮ್ಮ ಆರಿದ ಅನ್ನಕ್ಕೆ ಕೈ ಹಾಕಿ, ಈ ತಣ್ಣನೆ ಅನ್ನ ನಿಮ್ಮ ಮನೆಯವರ ಮನಸ್ಸಿನ ಹಾಗಿದೆ ಎಂದು ಬೈಯುತ್ತಲೇ ಉಂಡಳು. ಇಡೀ ಪಂಕ್ತಿ ಉಂಡಿತು.

ಹೊರಗೆ ಗಣ್ಯರನ್ನು ಕಾರಿಗೆ ಹತ್ತಿಸುವ ಗಡಿಬಿಡಿ ಶುರುವಾಯಿತು. ಚಿಕ್ಕಸ್ವಾಮಿ ಅಲ್ಲಿಗೆ ಓಡಿದ. ತಿಮ್ಮರಾಜು ಫೋನಿನಲ್ಲಿ ಯಾರಿಗೋ, ಇಂದು ಒಂದು ಅಪ್ಪಟ ಪಾಠಾಂತರ ಸಿಕ್ಕಿತು ಎಂದು ಹೇಳುತ್ತಿದ್ದರು. ಎರಡು, ಮೂರು ಪಂಕ್ತಿ ಎದ್ದವು. ದ್ಯಾವಮ್ಮ ಕೈ ತೊಳೆಯುವ ಜಾಗದ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದಳು. ಅವಳಿಗೆ ಊಟವಾಗಿದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವಳು ನಾನು, ಎದುರಿಗೆ ಹೋಗಲು ಮುಖವಿಲ್ಲದೆ ಕಂಬದ ಹತ್ತಿರವೇ ನಿಂತಿದ್ದೆ.

ಮಂಚಮ್ಮ ಕೋಲು ಊರಿಕೊಂಡು ಬಡಿಸುವವರ ಮೇಜಿನ ಹತ್ತಿರ ಹೋದಳು. ಗಂಡಿನ ಕಡೆಯ ಹಿರಿಯ ಬೀಗಿತ್ತಿ ತಾನೇ ಹೋಗಿ ಪಾತ್ರೆ ಮುಟ್ಟುವ ಪದ್ಧತಿ ಯಾವ ತಾಲ್ಲೂಕಿನಲ್ಲೂ ಇಲ್ಲ. ಒಂದು ತಟ್ಟೆ ತೆಗೆದುಕೊಂಡಳು. ಬಿಸಿ ಅನ್ನ ಹಾಕಿಸಿ, ತಿಳಿಸಾರು ಹಾಕಿಸಿ, ಹಪ್ಪಳ ಬೇಡ ಎಂದು ಕೈಯಾಡಿಸಿದಳು. ಒಬ್ಬಟ್ಟನ್ನು ಒಂದು ಬಟ್ಟಲಲ್ಲಿ ಹಾಕಿಸಿ ಬಿಸಿ ಹಾಲು ಹೊಯ್ಯಿಸಿ, ಹಲ್ಲಿಲ್ಲದ ಬಾಯಿಗೆ ಆಗುವಂತೆ ಚಮಚದಲ್ಲಿ ತಾನೇ ಹಿಸುಕಿದಳು. ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಚೆಲ್ಲದಂತೆ ಹೆಜ್ಜೆ ಹೆಜ್ಜೆಯಾಗಿ ಬಂದಳು. ಅದನ್ನು ದ್ಯಾವಮ್ಮನ ಮಡಿಲಲ್ಲಿಟ್ಟಳು.